ಬೆಂಗಳೂರಿನಲ್ಲಿ ತಿಂದ ಈರುಳ್ಳಿ

ಮದುವೆಯಾಗಿ ಚಿಕ್ಕಮಗಳೂರಿಗೆ ಬಂದ ಮೇಲೆ ನಾನು ಈರುಳ್ಳಿ ತಿಂದದ್ದೆಲ್ಲ ಬೆಂಗಳೂರಿನಲ್ಲಿ. ಇದರಲ್ಲಿ ಮಡಿಯ ಪ್ರಶ್ನೆ ಇರಲಿಲ್ಲ. ಕಡೂರು ಕಡೆಯ ನನ್ನ ತವರಿನಲ್ಲಿ ರೊಟ್ಟಿಯ ಜೊತೆ ಹಸಿ ಈರುಳ್ಳಿಯನ್ನು ಗುದ್ದಿ ತಿನ್ನುವುದು ದಿನದ ರೂಢಿ; ಗಂಡನ ಮನೆಯವರೂ ಅದನ್ನು ಬಿಟ್ಟವರಲ್ಲ. ಬಿಡಬೇಕಾಗಿ ಬಂದದ್ದು ಗಂಡನ ಉದ್ಯೋಗದಿಂದ. ಅವರು ಕಾಫಿಯ ರುಚಿ ನೋಡುವವರಾಗಿದ್ದರು.

ಬೆಳೆಗಾರರು ತಮ್ಮ ಕಾಫಿಯನ್ನು ತಮಗೆ ಬೇಕಾದವರಿಗೆ ಮಾರಬಹುದು ಎಂದಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ನಮ್ಮ ಊರಿನ ಖಾಸಗಿ ವ್ಯಾಪಾರಿಗಳಿಗೆ ಇಂಥವರ ಅಗತ್ಯ ಹೆಚ್ಚಿತು. ಊರ ಹೊರಗೆ, ಕಾಫಿಬೀಜದ ಸಿಪ್ಪೆ ಬಿಡಿಸಿ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ಮಹಡಿಯ ಮೇಲೆ ಅವರ ಕೋಣೆ. ಲಾರಿಗಳಲ್ಲಿ ಬಂದಿಳಿದ ಪ್ರತಿಯೊಂದು ಲಾಟಿನಿಂದಲೂ, ಅಂದರೆ ಒಂದೊಂದು ತೋಟದ ಮಾಲಿನಿಂದಲೂ, ಹಿಡಿಯಷ್ಟು ಬೀಜವನ್ನು ತೆಗೆದು, ಹುರಿದು, ಪುಡಿಮಾಡಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟ ಬಟ್ಟಲುಗಳಿಗೆ ಹಾಕಿ, ಕುದಿಯುವ ನೀರು ಹೊಯ್ದು ಇಡುತ್ತಿದ್ದರು. ನನ್ನ ಗಂಡ ಒಂದು ಚಮಚವನ್ನು ಹಿಡಿದು, ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಒಂದೊಂದರಲ್ಲೂ ಒಂದು ಚಮಚವನ್ನು ಸುರ್ರೆಂದು ಎಳೆದು, ಬಾಯಲ್ಲಿ ಕ್ಷಣಹೊತ್ತು ಆಡಿಸಿ, ಉಗಿದು, ಮುಂದಕ್ಕೆ ಸರಿಯುತ್ತಿದ್ದರು. ಆ ಒಂದು ಚಮಚದಲ್ಲಿ ಅವರಿಗೆ ಎಲ್ಲವೂ ತಿಳಿಯುತ್ತಿತ್ತು: ಇದು ಮಲ್ಲಂದೂರು ಕಡೆಯದೋ ಮೂಡಿಗೆರೆಯದೋ, ಹಣ್ಣನ್ನು ಹದವಾಗಿ ಕೊಯ್ದರೋ ಕಾಯಿಯನ್ನೂ ಸೇರಿಸಿದರೋ, ತೊಟ್ಟಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಿಟ್ಟು ಹುಳಿಬರಿಸಿದರೋ, ಕಣದಲ್ಲಿ ಒಣಗಿಸುವಾಗ ಮೋಡ ಕವಿದಿತ್ತೋ. ಯಾವ ತೋಟದ್ದೆಂದು ಮೊದಲೇ ಕೇಳುವುದು ಅವರಿಗೆ ಅವಮಾನ. ಚೀಟಿ ನೋಡದೆ ತೀರ್ಪು ಕೊಟ್ಟು, ಆಮೇಲೆ ಚೀಟಿ ನೋಡುತ್ತಿದ್ದರು.

ರುಚಿ ಎಂದರೂ ಅದು ಅರ್ಧಕ್ಕಿಂತ ಹೆಚ್ಚು ಮೂಗಿನದೇ. ಅಂಥ ಮೂಗನ್ನು ಕಾಪಾಡುವುದು ನಮ್ಮ ಸಂಸಾರದ ಮೊದಲ ಕರ್ತವ್ಯವಾಗಿತ್ತು. ನಮಗೆ ಮಕ್ಕಳಾಗಲಿಲ್ಲ, ಅವರ ಮೂಗನ್ನೇ ನಾವು ಮಗುವಿನಂತೆ ಸಾಕಿದೆವು ಎಂದರೆ ತಪ್ಪಾಗಲಾರದು. ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಇಂಗು ಇಲ್ಲ. ಉಪ್ಪಿನಕಾಯಿ ಇಲ್ಲ. ಅವರು ಕೆಲಸಕ್ಕೆ ಹೊರಡುವವರೆಗೆ ದೇವರ ಮುಂದೆ ಊದುಬತ್ತಿ ಹಚ್ಚುವಂತಿಲ್ಲ. ಸ್ನಾನಕ್ಕೆ ಕಡಲೆಹಿಟ್ಟು, ಹಲ್ಲಿಗೆ ಉಪ್ಪು. ನಾನು ಮುಖಕ್ಕೆ ಪೌಡರ್ ಹಾಕಲಿಲ್ಲ, ಮಲ್ಲಿಗೆ ಮುಡಿಯಲಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ನಿಯಮಗಳನ್ನು ಪ್ರೀತಿಸುವವಳೇ ಆದ್ದರಿಂದ, ಇವು ನನಗೆ ಹೊರೆ ಅನ್ನಿಸಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಒಮ್ಮೆ ನಮ್ಮ ಸಾರಿನ ರುಚಿ ನೋಡಿದವಳು ಅದನ್ನು ಮರೆಯಲೇ ಇಲ್ಲ.

"ಟೀಚರೇ, ಮನೇಲಿ ಯಾರಿಗಾದ್ರೂ ಜ್ವರ ಬಂದ್ರೆ ನಿಮ್ಮನೆ ಸಾರೇ ಇಸ್ಕೊಂಡು ಹೋಗ್ತೀನಿ ನೋಡಿ. ಪಥ್ಯಕ್ಕೆ ಅಂಥದ್ದು ಬೇರೆ ಇಲ್ಲ."

ವರ್ಷಕ್ಕೊಮ್ಮೆ ಈ ಪಥ್ಯಕ್ಕೆ ಬಿಡುವಿತ್ತು. ದಸರಾ ರಜೆಯ ಹೊತ್ತಿಗೆ ಹಳೆಯ ಬೆಳೆಯ ಕೆಲಸ ಮುಗಿದಿರುತ್ತಿತ್ತು, ಹೊಸ ಹಣ್ಣು ಇನ್ನೂ ಗಿಡದಲ್ಲಿ ಹಸಿರಾಗಿರುತ್ತಿತ್ತು. ಆಗ ನಾವಿಬ್ಬರೂ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆವು. ನೆಂಟರನ್ನು ನೋಡುವುದಕ್ಕಲ್ಲ, ಸೀರೆ ಕೊಳ್ಳುವುದಕ್ಕಲ್ಲ. ಊಟಮಾಡುವುದಕ್ಕೆ.

ಮೆಜೆಸ್ಟಿಕ್ಕಿನ ಬಳಿ ಒಂದು ಲಾಡ್ಜಿನಲ್ಲಿ ಚೀಲವಿಟ್ಟು, ಮುಖ ತೊಳೆದು, ನೇರ ಗಾಂಧಿಬಜಾರಿಗೆ. ಅಲ್ಲಿ ನಾನು ಒಂದು ಮೊಳ ಮಲ್ಲಿಗೆ ಕೊಂಡು ಮುಡಿಯುತ್ತಿದ್ದೆ. ಅವರು ನನ್ನ ಹಿಂದೆ ಎರಡು ಹೆಜ್ಜೆ ದೂರ ನಿಂತು, ತಿರುಗಿಯೂ ನೋಡದೆ ಹೇಳುತ್ತಿದ್ದರು: "ನಿನ್ನೆ ಕಟ್ಟಿದ ಹೂವು. ಬೆಳಗ್ಗೆ ನೀರು ಚಿಮುಕಿಸಿ ಕೂತಿದಾಳೆ." ಹೂವಾಡಗಿತ್ತಿ ಸಿಡುಕುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ವರ್ಷವಿಡೀ ಬರಿ ಜಡೆ ಹಾಕಿಕೊಂಡು ತಿರುಗಿದ್ದಕ್ಕೆ ಆ ಒಂದು ಮಾತು ಸಂಬಳವಿದ್ದ ಹಾಗೆ.

ಆಮೇಲೆ ತಿಂಡಿ. ಈರುಳ್ಳಿ ದೋಸೆ, ಈರುಳ್ಳಿ ಪಕೋಡ, ಬೆಳ್ಳುಳ್ಳಿ ಚಟ್ನಿ ಸವರಿದ ಮಸಾಲೆ ದೋಸೆ, ಇಂಗಿನ ಒಗ್ಗರಣೆಯ ರಸಂ. ಎಲ್ಲಿ ಏನು ತಿನ್ನಬೇಕೆಂಬ ಕ್ರಮವನ್ನು ನಾನು ಬಸ್ಸಿನಲ್ಲೇ ನಿಶ್ಚಯಿಸುತ್ತಿದ್ದೆ. ಕ್ರಮ ತಪ್ಪಿದರೆ ನನಗೆ ಊಟ ರುಚಿಸದು. ಹೋಟೆಲಿಗೆ ಹೋದೊಡನೆ ನನ್ನ ಕಣ್ಣು ಗೋಡೆಯ ಬೋರ್ಡಿನ ಮೇಲಿನ ಕಾಗುಣಿತಕ್ಕೆ ಹೋಗುತ್ತಿತ್ತು. ಅವರು ತಟ್ಟೆಯಿಂದ ತಲೆಯೆತ್ತದೆ, "ನೀನು ಬೋರ್ಡು ತಿದ್ದು, ನಾನು ಸಾಂಬಾರು ತಿದ್ತೀನಿ" ಎನ್ನುತ್ತಿದ್ದರು. ಕಣ್ಣುಮುಚ್ಚಿ ಒಂದು ತುತ್ತು ಬಾಯಿಗಿಟ್ಟು, ಕೊತ್ತಂಬರಿ ಬೀಜವನ್ನು ಎಣ್ಣೆಯಲ್ಲಿ ಹುರಿದರೋ ಬರಿಬಾಣಲೆಯಲ್ಲೋ, ತೊಗರಿಬೇಳೆಗೆ ಹೆಸರುಬೇಳೆ ಸೇರಿಸಿದ್ದಾರೋ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ನಾನು ಕೇಳುತ್ತ ತಿನ್ನುತ್ತಿದ್ದೆ. ಅವರ ಜೊತೆ ತಿಂದದ್ದಕ್ಕೆ ಎರಡು ರುಚಿ: ಒಂದು ನನ್ನ ನಾಲಗೆಯದು, ಇನ್ನೊಂದು ಅವರ ಮಾತಿನದು.

ಒಮ್ಮೆ ಅವರು ನಿಂತು ತಿನ್ನುವ ಒಂದು ದರ್ಶಿನಿಯಲ್ಲಿ ಬೆಳಗಿನ ಕಾಫಿಯನ್ನು ಒಂದು ಗುಟುಕು ಎಳೆದು, ಲೋಟವನ್ನು ಕೌಂಟರಿನ ಮೇಲಿಟ್ಟು, "ಡಿಕಾಕ್ಷನ್ ನಿನ್ನೇದು" ಎಂದರು. ಹಣದ ಗಲ್ಲಾದಲ್ಲಿ ಕೂತಿದ್ದವನು ಕತ್ತೆತ್ತಿ ನೋಡಿದ.

"ಸಾರ್, ಕಾಫಿ ಕುಡಿಯೋಕ್ ಬಂದಿದೀರೋ, ಇನ್ಸ್‌ಪೆಕ್ಷನ್‌ಗೆ ಬಂದಿದೀರೋ?"

"ಕುಡಿಯೋಕೇ ಬಂದೆ ಮಾರಾಯ. ಕುಡಿದ ಮೇಲೆ ಗೊತ್ತಾಯ್ತು."

"ಬೆಳಗಿನಿಂದ ಇನ್ನೂರು ಜನ ಕುಡಿದಿದಾರೆ, ಒಬ್ರೂ ಹೇಳಿಲ್ಲ!"

"ಇನ್ನೂರು ಜನಕ್ಕೂ ನೆಗಡಿ ಇರಬೇಕು."

ಒಳಗೆ ಫಿಲ್ಟರಿನ ಬಳಿ ನಿಂತಿದ್ದವನು ಕಿಸಕ್ಕನೆ ನಕ್ಕುಬಿಟ್ಟ. ಗಲ್ಲಾದವನಿಗೆ ನಿಜ ತಿಳಿದುಹೋಯಿತು. ಹೊಸ ಡಿಕಾಕ್ಷನ್ನಿನ ಕಾಫಿ ಬಂತು. ನೆಗಡಿಯ ಆ ಮಾತನ್ನು ಅವರು ಎಷ್ಟು ಹಗುರವಾಗಿ ಆಡಿದ್ದರೆಂಬುದು ನನಗೆ ಇಂದಿಗೂ ನೆನಪಿದೆ.

ರಜೆಯ ಕೊನೆಯ ಮಧ್ಯಾಹ್ನವನ್ನು ಒಂದು ದೊಡ್ಡ ಹೋಟೆಲಿಗೆ ಮೀಸಲಿಟ್ಟಿದ್ದೆವು. ಎಂ.ಜಿ. ರಸ್ತೆಯಿಂದ ಸ್ವಲ್ಪ ಒಳಗಿದ್ದ ಹಳೆಯ ಕಟ್ಟಡ. ಮುಂದೆ ಹುಲ್ಲುಹಾಸು, ಅಗಲವಾದ ವೆರಾಂಡ, ಬೆತ್ತದ ಕುರ್ಚಿಗಳು. ಅಲ್ಲಿ ಮಧ್ಯಾಹ್ನದ ಟೀ ಎಂಬುದು ಒಂದು ಕಲಾಪವಾಗಿತ್ತು. ಮೂರು ಅಂತಸ್ತಿನ ತಟ್ಟೆಯಲ್ಲಿ ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್ಚು, ಬೆರಳಗಲದ ಕೇಕುಗಳು. ಬಟ್ಟೆಯ ಟೊಪ್ಪಿಗೆ ತೊಡಿಸಿದ ಪಿಂಗಾಣಿ ಕೆಟಲು. ಬೇರೆ ಬೇರೆ ಪಾತ್ರೆಗಳಲ್ಲಿ ಹಾಲು, ಸಕ್ಕರೆ. ನಾವು ಒಬ್ಬರಿಗೆಂದು ಹೇಳಿ ಇಬ್ಬರು ಹಂಚಿಕೊಳ್ಳುವವರಲ್ಲ. ಆ ಒಂದು ಮಧ್ಯಾಹ್ನ ದೊರೆಗಳಂತೆಯೇ ಕೂರುತ್ತಿದ್ದೆವು. ಅಲ್ಲಿ ಅವರು ಯಾವ ತೀರ್ಪನ್ನೂ ಕೊಡುತ್ತಿರಲಿಲ್ಲ. "ಟೀ ಬಗ್ಗೆ ನಂಗೆ ಏನೇನೂ ಗೊತ್ತಿಲ್ಲ. ಅದಕ್ಕೇ ಇಷ್ಟ ಇದು" ಎನ್ನುತ್ತಿದ್ದರು. ವರ್ಷದಲ್ಲಿ ಅವರ ಮೂಗಿಗೆ ನಿಜವಾದ ರಜೆ ದೊರೆಯುತ್ತಿದ್ದುದು ಆ ಒಂದು ಗಂಟೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಆ ಶ್ರಾವಣದಲ್ಲಿ ಅವರಿಗೆ ಜ್ವರ ಬಂತು. ಮಲೆನಾಡಿನ ಮಳೆಗಾಲದಲ್ಲಿ ಎಲ್ಲರಿಗೂ ಬರುವಂಥ ಜ್ವರವೇ. ಮೂಗು ಕಟ್ಟಿತು, ಕೆಮ್ಮಿದರು, ವಾರದೊಳಗೆ ಎದ್ದು ಓಡಾಡಿದರು. ಕೆಲಸ ಕಡಿಮೆಯಿದ್ದ ತಿಂಗಳುಗಳಾದ್ದರಿಂದ ರುಚಿ ನೋಡುವ ಪ್ರಸಂಗವೇ ಬರಲಿಲ್ಲ. ಮನೆಯ ಊಟ ಮೊದಲಿನಿಂದಲೂ ಸಪ್ಪೆ. ಏನೋ ಬದಲಾಗಿದೆಯೆಂದು ನನಗೆ ಅನ್ನಿಸಲು ಕಾರಣವೇ ಇರಲಿಲ್ಲ.

ದಸರಾಕ್ಕೆ ಬೆಂಗಳೂರಿಗೆ ಹೋದೆವು. ಗಾಂಧಿಬಜಾರಿನಲ್ಲಿ ಮಲ್ಲಿಗೆ ಕೊಂಡು ಮುಡಿದೆ. ಅವರು ಹಿಂದೆಯೇ ನಿಂತಿದ್ದರು, ಏನನ್ನೂ ಹೇಳಲಿಲ್ಲ. ಬಸ್ಸಿನ ಆಯಾಸವಿರಬೇಕೆಂದುಕೊಂಡೆ. ದೋಸೆ ತಿನ್ನುವಾಗ "ಗರಿಗರಿ ಇದೆ" ಎಂದರು, ಅಷ್ಟೆ. ರಸಂ ಕುಡಿದು "ಬಿಸಿ ಇದೆ" ಎಂದರು. ಊಟದ ನಡುವೆ ಹಸಿಮೆಣಸಿನಕಾಯಿಯನ್ನು ತರಿಸಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕಚ್ಚಿ ತಿಂದರು. ನಾನು ಬೋರ್ಡಿನ ಕಾಗುಣಿತದ ವಿಷಯ ತೆಗೆದೆ. ಅವರು ಸಾಂಬಾರಿನ ಮಾತೆತ್ತಲಿಲ್ಲ. ನನ್ನ ಮೇಲೆ ಏನೋ ಬೇಸರವಿರಬೇಕೆಂದು ಎಣಿಸಿ, ಎರಡು ದಿನವೂ ನನ್ನ ನಡವಳಿಕೆಯನ್ನೇ ತಿರುಗಿಸಿ ತಿರುಗಿಸಿ ಪರೀಕ್ಷಿಸಿಕೊಂಡೆ.

ಕೊನೆಯ ಮಧ್ಯಾಹ್ನ ಎಂದಿನಂತೆ ದೊಡ್ಡ ಹೋಟೆಲಿನ ವೆರಾಂಡದಲ್ಲಿ ಕುಳಿತೆವು. ಮೋಡ ಕವಿದು ಬೆಳಕು ಮಂಕಾಗಿತ್ತು. ಹುಲ್ಲಿನ ಮೇಲೆ ತುಂತುರು ಬೀಳುತ್ತಿತ್ತು. ಟೀ ಹೇಳಿದೆವು. ವೇಟರು ತಟ್ಟೆಗಳನ್ನೂ ಕೆಟಲನ್ನೂ ಇಟ್ಟು ಹೋದ. ಅವರು ಇಬ್ಬರ ಬಟ್ಟಲುಗಳಿಗೂ ಮೊದಲು ಹಾಲು ಹಾಕಿ, ಬಟ್ಟೆಯ ಟೊಪ್ಪಿಗೆಯನ್ನು ತೆಗೆದು, ಕೆಟಲನ್ನು ಓರೆಮಾಡಿದರು.

ವಾಸನೆ ನನ್ನನ್ನು ತಲುಪಿದ್ದು ಅದು ಬಟ್ಟಲಿಗೆ ಬೀಳುವುದಕ್ಕಿಂತ ಮೊದಲೇ. ಅದು ಕಾಫಿ.

ನಾನು ನಗುವುದಕ್ಕೆ ಸಿದ್ಧಳಾದೆ. ಈಗ ಅವರು ಕೆಟಲನ್ನು ಕೆಳಗಿಟ್ಟು, ಹುಬ್ಬೇರಿಸಿ, ಇದು ಯಾವ ಬೀಜ, ಎಷ್ಟು ಚಿಕೋರಿ, ಯಾವಾಗ ಹುರಿದದ್ದು ಎಂದೆಲ್ಲ ಹೇಳಿ ವೇಟರನ ಜೀವ ತೆಗೆಯುತ್ತಾರೆ ಎಂದು ಕಾದೆ. ಅವರು ಎರಡನೆಯ ಬಟ್ಟಲನ್ನೂ ತುಂಬಿಸಿದರು. ಸಕ್ಕರೆ ಹಾಕಿ ಕಲಕಿದರು. ಬಟ್ಟಲನ್ನು ಬಾಯಿಗಿಟ್ಟು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದು, ಹುಲ್ಲಿನ ಮೇಲಿನ ಮಳೆಯನ್ನು ನೋಡುತ್ತ ಹೇಳಿದರು:

"ಈ ಸಲ ಟೀ ಸ್ವಲ್ಪ ಗಟ್ಟಿ ಮಾಡಿದಾರೆ. ಚೆನ್ನಾಗಿದೆ."

ನನ್ನ ಕೈ ಬಟ್ಟಲಿನ ಕಿವಿಯ ಮೇಲೆ ಹಾಗೆಯೇ ನಿಂತಿತು. ಅವರ ಮುಖದಲ್ಲಿ ತಮಾಷೆಯ ಸುಳಿವನ್ನು ಹುಡುಕಿದೆ, ಇರಲಿಲ್ಲ. ಮಲ್ಲಿಗೆ, ರಸಂ, ಮೆಣಸಿನಕಾಯಿ, ಒಂದೊಂದೂ ತನ್ನ ತನ್ನ ಜಾಗಕ್ಕೆ ಬಂದು ಕೂತಿತು. ನಾನು ಬಟ್ಟಲೆತ್ತಿ ಕುಡಿದೆ. "ಹೌದು, ಚೆನ್ನಾಗಿದೆ" ಎಂದೆ. ಅಷ್ಟರಲ್ಲಿ ವೇಟರು ಇನ್ನೊಂದು ಕೆಟಲನ್ನು ಹಿಡಿದುಕೊಂಡು ಆತುರಾತುರವಾಗಿ ಬರುವುದು ಕಂಡಿತು. ನಾನು ಅವನಿಗೆ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ.

"ಸಾರಿ ಸರ್, ಆ ಟೇಬಲ್ ಕಾಫಿ ನಿಮಗೆ ಕೊಟ್ಟುಬಿಟ್ಟಿದೀನಿ. ಟೀ ಇದು. ಅದನ್ನ ವಾಪಸ್ ತಗೊಂಡು ಹೋಗ್ಲಾ?"

ಅವರು ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು. ಅದರೊಳಗೆ ನೋಡಿದರು. ಆಮೇಲೆ ವೇಟರನಿಗೆ, "ಪರವಾಗಿಲ್ಲಪ್ಪ, ಅದೂ ಇರಲಿ, ಇದೂ ಇರಲಿ" ಎಂದರು. ಎರಡು ಕೆಟಲುಗಳೂ ನಮ್ಮ ಮುಂದೆ ಆರಿದವು.

ಹೊರಗೆ ಬಂದು ಫುಟ್‌ಪಾತಿನಲ್ಲಿ ನಡೆಯುತ್ತಿರುವಾಗ ನಾನೇ ಕೇಳಿದೆ.

"ಯಾವಾಗಿನಿಂದ?"

"ಶ್ರಾವಣದಲ್ಲಿ ಜ್ವರ ಬಂತಲ್ಲ, ಆವಾಗಿಂದ. ನೆಗಡಿ ಹೋಯ್ತು, ಇದು ಬರ್ಲಿಲ್ಲ."

"ನೀವು ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಿಜ ಆಗಿಬಿಡತ್ತಲ್ಲ ಮಾರಾಯ್ತಿ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದರು: "ಹೂ ಮುಡಿದಿದ್ದು ಕಣ್ಣಿಗೆ ಕಾಣ್ತು. ಕಂಡಿದ್ದನ್ನ ಹೇಳಿದ್ರೆ ನಿನಗೆ ಮೋಸ ಮಾಡಿದ ಹಾಗೆ ಅನ್ನಿಸ್ತು. ಸುಮ್ಮನಾದೆ."

ಮರುದಿನದ ಬಸ್ಸನ್ನು ಬಿಟ್ಟು, ವಿಚಾರಿಸಿಕೊಂಡು, ಮೂಗಿನ ಡಾಕ್ಟರೊಬ್ಬರ ಬಳಿಗೆ ಹೋದೆವು. ಅವರು ಬೆಳಕು ಬಿಟ್ಟು ನೋಡಿದರು, ಸೀಸೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದರು. ನನ್ನ ಗಂಡ ಪ್ರತಿಸಲವೂ ತಲೆಯಾಡಿಸಿದರು. ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಗೆ ತಿಳಿಯುತ್ತವೆ. ಮಿಕ್ಕಿದ್ದೆಲ್ಲ ಮೂಗಿನ ಕೆಲಸ ಎಂದು ಡಾಕ್ಟರು ವಿವರಿಸಿದಾಗ, ಎಷ್ಟೋ ವರ್ಷದಿಂದ ಅದನ್ನು ಬಲ್ಲವರಂತೆ ಅವರು ಸುಮ್ಮನೆ ಕೇಳಿಸಿಕೊಂಡರು. ನರ ಸೋತಿದ್ದರೆ ಚೇತರಿಸಿಕೊಳ್ಳಬಹುದು, ಸತ್ತಿದ್ದರೆ ಇಲ್ಲ, ಯಾವುದೆಂದು ಈಗಲೇ ಹೇಳಲಾಗದು, ಕಾಯಬೇಕು. ಅದಕ್ಕೆ ಮದ್ದಿರಲಿಲ್ಲ. ಕಾಯುವುದು ಎಂಬ ಒಂದೇ ಕ್ರಿಯಾಪದವನ್ನು ಕಟ್ಟಿಕೊಂಡು ಊರಿಗೆ ಮರಳಿದೆವು.

ಕಾಫಿ ಕಾಯಲಿಲ್ಲ. ಹಣ್ಣು ಕೆಂಪಾಯಿತು, ಕೊಯ್ಲಾಯಿತು, ಲಾರಿಗಳು ಬರತೊಡಗಿದವು. ಅವರು ಮಹಡಿ ಹತ್ತಿ ಚಮಚ ಹಿಡಿದು ನಿಂತರು. ಮೊದಲ ಬಾರಿಗೆ ಅವರು ಬಟ್ಟಲನ್ನು ಮುಟ್ಟುವ ಮೊದಲೇ "ಇದು ಯಾವ ಕಡೇದು?" ಎಂದು ಕೇಳಿದರಂತೆ. ತೋಟದ ಹೆಸರು ಕೇಳಿ, ಹಿಂದಿನ ವರ್ಷಗಳ ನೆನಪಿನ ಮೇಲೆ, ಹಸಿಬೀಜದ ಬಣ್ಣದ ಮೇಲೆ, ಸಹಾಯಕನ ಮುಖಭಾವದ ಮೇಲೆ ತೀರ್ಪು ಕೊಡುತ್ತಿದ್ದೇನೆಂದು ಮನೆಗೆ ಬಂದು ನನಗೆ ಹೇಳಿದರು. ಸಂಜೆ ಹಜಾರದಲ್ಲಿ ಕೂತು ಇದನ್ನು ಹೇಳುವಾಗ ಅವರು ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು.

"ನಿನ್ನ ಮೂಗು ಸರಿಯಾಗಿದೆಯಲ್ಲ?" ಎಂದು ಒಂದು ಭಾನುವಾರ ಕೇಳಿದರು. ನನ್ನದೂ ಅವರ ಜೊತೆ ಅಷ್ಟು ವರ್ಷ ಪಥ್ಯ ಹಿಡಿದ ಮೂಗೇ. ಜೇಬಿನಿಂದ ಬೇರೆ ಬೇರೆ ಲಾಟುಗಳ ಕಾಫಿಪುಡಿಯ ಪೊಟ್ಟಣಗಳನ್ನು ತೆಗೆದು, ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮ ಊಟದ ಬಟ್ಟಲುಗಳನ್ನು ಸಾಲಾಗಿಟ್ಟು, ಪುಡಿ ಹಾಕಿ, ಕುದಿಯುವ ನೀರು ಹೊಯ್ದರು. ನನ್ನ ಕೈಗೆ ಚಮಚ ಕೊಟ್ಟರು. ಶಾಲೆಯಲ್ಲಿ ಮಕ್ಕಳು ಸೊರಸೊರ ಎನ್ನಿಸಿ ಕುಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನನಗೆ ಸುರ್ರೆಂದು ಎಳೆಯಲು ಬರಲಿಲ್ಲ. ಎರಡು ಸಲ ನೆತ್ತಿಗೆ ಹತ್ತಿತು. ಮೂರನೆಯ ಸಲ ಸರಿಯಾಗಿ ಬಾಯಿಗೆ ಬಂತು.

"ಏನಿದೆ ಹೇಳು."

"ಹೊಗೆಯ ಹಾಗಿದೆ."

"ಯಾವ ಹೊಗೆ? ಸೌದೆ ಹೊಗೆಯಾ, ಬೀಡಿ ಹೊಗೆಯಾ, ಟೈರು ಸುಟ್ಟಿದ್ದಾ?"

"ಹೊಗೆ."

"ಇದು?"

"ಚೆನ್ನಾಗಿದೆ. ಘಮ ಇದೆ."

"ಎಂಥಾ ಘಮ? ಹೂವಿಂದಾ, ಹಣ್ಣಿಂದಾ, ಬೆಲ್ಲ ಕಾಯಿಸಿದ್ದಾ?"

"ಕಾಫಿಯದು."

ಅವರು ನನ್ನನ್ನೇ ನೋಡಿದರು. "ನಿನ್ನ ಮಕ್ಕಳು ಪರೀಕ್ಷೇಲಿ ಹೀಗೆ ಉತ್ತರ ಬರೆದಿದ್ರೆ ಎಷ್ಟು ಕೊಡ್ತಿದ್ದೆ?"

"ಸೊನ್ನೆ."

ಇಬ್ಬರೂ ನಕ್ಕೆವು. ಆ ಅಡುಗೆಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ನೆನಪು. ಮುಂದಿನ ಭಾನುವಾರಗಳಲ್ಲಿಯೂ ಪ್ರಯತ್ನಿಸಿದೆವು. ಘಮ, ಕಮಟು, ಮುಗ್ಗು, ಕಮರು, ಸೀದದ್ದು ಎನ್ನುವಷ್ಟಕ್ಕೆ ನನ್ನ ಶಬ್ದಭಂಡಾರ ಮುಗಿಯುತ್ತಿತ್ತು. ನನಗೆ ವಾಸನೆ ಇತ್ತು, ಅದನ್ನು ಹೇಳುವ ಮಾತಿರಲಿಲ್ಲ. ಅವರಿಗೆ ಮಾತೆಲ್ಲ ಇತ್ತು, ಹೇಳಬೇಕಾದ ವಾಸನೆ ಇರಲಿಲ್ಲ. ನಡುವೆ ಬಟ್ಟಲುಗಳು ಆರುತ್ತಿದ್ದವು. ಕಳಸದ ಕಡೆಯ ಒಬ್ಬ ಸಣ್ಣ ಬೆಳೆಗಾರನ ಲಾಟನ್ನು ಕುರಿತು ನಾನು "ಒದ್ದೆ ಬಟ್ಟೆಯ ವಾಸನೆ" ಎಂದ ದಿನ ಅವರು ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಒದ್ದೆ ಬಟ್ಟೆ ಅಂದ್ರೆ ನಾಲ್ಕು ಥರ ಇದೆ ಕಣೇ. ಒಂದು ಥರದ್ದಾದ್ರೆ ಬಿಸಿಲಿಗೆ ಹಾಕಿ ಸರಿಮಾಡಬಹುದು. ಇನ್ನೊಂದಾದ್ರೆ ಲಾಟೇ ದಂಡ. ಯಾವುದು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಆತನ ವರ್ಷದ ಬೆಳೆ ಇದು. ಇನ್ನು ಸಾಕು."

ಮರುದಿನ ಅವರೇ ಹೋಗಿ ವರ್ಕ್ಸಿನ ಧಣಿಗಳಿಗೆ ತಿಳಿಸಿದರು. ಧಣಿಗಳು ಗದರಲಿಲ್ಲ. "ನೀವು ಇನ್ನು ಮಹಡಿ ಹತ್ತೋದು ಬೇಡ. ಕೆಳಗೆ ಲೋಡಿಂಗ್ ನೋಡ್ಕೊಳ್ಳಿ, ಸಂಬಳಕ್ಕೇನೂ ತೊಂದರೆ ಇಲ್ಲ" ಎಂದರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಹೊರಗಿನಿಂದ ಬೇರೊಬ್ಬ ಟೇಸ್ಟರನ್ನು ಕರೆಸಿದರು. ಇವರು ಕೆಳಗೆ, ಗೋಣಿಚೀಲಗಳ ನಡುವೆ, ಸ್ಟೂಲಿನ ಮೇಲೆ ಕೂರತೊಡಗಿದರು. ಮಹಡಿ ಹಲಗೆಯದು. ಹೊಸಬನು ಸುರ್ರೆಂದು ಎಳೆಯುವ ಸದ್ದು ಹಲಗೆಯ ಸಂದಿಯಿಂದ ಕೆಳಗೆ ಕೇಳಿಸುತ್ತಿತ್ತು. ಊಟದ ಹೊತ್ತಿನಲ್ಲಿ ಒಂದು ದಿನ, ನಾನು ಕೇಳದಿದ್ದರೂ, "ಆತ ಜೋರಾಗಿ ಎಳೆಯಲ್ಲ. ಕಾಫಿ ನಾಲಗೆ ಹಿಂದಕ್ಕೆ ಹೋಗಲ್ಲ" ಎಂದರು.

ನಮ್ಮ ಮನೆಯ ನಿಯಮಗಳಿಗೆ ಈಗ ಅರ್ಥವಿರಲಿಲ್ಲ. ಅದು ನನಗೆ ಹೊಳೆದದ್ದು ಬೇಸಿಗೆ ರಜೆಯಲ್ಲಿ. ಅವರ ಮೂಗಿಗೆ ಏನಾದರೂ ವಾಸನೆ ತಗಲಬಹುದು, ಇಷ್ಟು ಬಲವಾದದ್ದಾದರೂ ಒಳಹೊಗಬಹುದು ಎಂಬ ಆಸೆಯೂ ಅದರಲ್ಲಿತ್ತು. ಮಾರುಕಟ್ಟೆಯಿಂದ ಬೆಳ್ಳುಳ್ಳಿ, ಈರುಳ್ಳಿ, ಇಂಗಿನ ಡಬ್ಬಿ ತಂದೆ. ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು, ಇಂಗು ಹಾಕಿ, ಸಾರಿಗೆ ಒಗ್ಗರಣೆ ಕೊಟ್ಟೆ. ತವರಿನ ಅಡುಗೆಮನೆಯೇ ಎದ್ದು ಬಂದಂತಾಯಿತು. ನನ್ನ ಕಣ್ಣು ತುಂಬಿತು. ಬೆಳ್ಳುಳ್ಳಿಯ ಎಸಳುಗಳನ್ನು ಸೋಸಿ ತೆಗೆದು ಬರಿ ಸಾರನ್ನು ಬಡಿಸಿದೆ. ಕಣ್ಣಿಗೆ ಕಂಡು ಹೇಳಿದರೆ ಪ್ರಯೋಜನವಿಲ್ಲವಲ್ಲ. ಅವರು ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿನಲ್ಲೇ ನಿಂತು ನನ್ನೊಡನೆ ಏನೋ ಮಾತಾಡಿ, ಎಲೆಯ ಮುಂದೆ ಕೂತು ಉಂಡರು. "ಉಪ್ಪು ಸರಿಯಾಗಿದೆ" ಎಂದರು. ನಾನು ಇನ್ನೊಂದು ಸೌಟು ಬಡಿಸಿದೆ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆಯ ದನಿ.

"ಏನ್ ಟೀಚರೇ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಬೆಳ್ಳುಳ್ಳಿ ಒಗ್ಗರಣೆ ಘಮ್ಮಂತ ರಸ್ತೆ ತನಕ ಬಂದಿದೆ! ನಿಮ್ಮನೇಲೇನಾ, ನಂಗೆ ನಂಬೋಕೇ ಆಗ್ತಿಲ್ಲ!"

ಅವರ ಕೈ ತುತ್ತಿನ ಮೇಲೆ ನಿಂತಿತು. ನನ್ನನ್ನು ನೋಡಿದರು. ಕೋಪವಿರಲಿಲ್ಲ, ಹೋಟೆಲಿನಲ್ಲಿ ಬಟ್ಟಲಿನೊಳಗೆ ನೋಡಿದ್ದಂಥದೇ ನೋಟ. ಬಳಿಕ ತಲೆ ತಗ್ಗಿಸಿ, ಎಲೆಯಲ್ಲಿದ್ದುದನ್ನು ಅಗುಳೂ ಬಿಡದೆ ಉಂಡು ಎದ್ದರು. ನಾನು ಈರುಳ್ಳಿಯನ್ನೂ ಉಳಿದ ಬೆಳ್ಳುಳ್ಳಿಯನ್ನೂ ಇಂಗನ್ನೂ ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಮರುದಿನದಿಂದ ಹಳೆಯ ಸಪ್ಪೆ ಸಾರನ್ನೇ ಮಾಡಿದೆ. ಇಂದಿಗೂ ಅದನ್ನೇ ಮಾಡುತ್ತೇನೆ.

ಮತ್ತೆ ದಸರಾ ಬಂತು. ಡಾಕ್ಟರು ಬರಹೇಳಿದ್ದರಿಂದ ಹೋಗಲೇಬೇಕಿತ್ತು. ಅವರು ಹಿಂದಿನಂತೆಯೇ ಸೀಸೆಗಳನ್ನು ಹಿಡಿದರು. ಇವರು ಹಿಂದಿನಂತೆಯೇ ತಲೆಯಾಡಿಸಿದರು. "ಇಷ್ಟು ದಿನಕ್ಕೂ ಬರದೇ ಇರೋದು ಇನ್ನು ಬರೋದು ಕಷ್ಟ. ಅಭ್ಯಾಸ ಮಾಡ್ಕೊಳ್ಳಿ. ಮನೇಲಿ ಗ್ಯಾಸ್ ಸೋರಿದ್ರೆ ನಿಮಗೆ ತಿಳಿಯಲ್ಲ, ಹುಷಾರು" ಎಂದು ಡಾಕ್ಟರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅಭ್ಯಾಸ ಮಾಡಿಕೊಳ್ಳಿ ಎಂಬುದನ್ನು ನಾನು ತರಗತಿಯಲ್ಲಿ ಅದೆಷ್ಟು ಸಾವಿರ ಸಲ ಹೇಳಿದ್ದೇನೋ.

ಗಾಂಧಿಬಜಾರಿಗೆ ಹೋಗಲಿಲ್ಲ. ನಾನು ಹೂ ಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಿತ್ತು, ಎಲ್ಲಿಗೆ ಎಂದು ಇಬ್ಬರೂ ಹೇಳಿಕೊಳ್ಳದೆಯೇ ಆಟೋದವನಿಗೆ ಎಂ.ಜಿ. ರಸ್ತೆಯ ಹೆಸರು ಹೇಳಿದೆವು. ಅದೇ ವೆರಾಂಡ, ಅದೇ ಬೆತ್ತದ ಕುರ್ಚಿ. ವೇಟರು ಬೇರೆಯವನು. ಅಂಗೈಯಗಲದ ಪುಸ್ತಕ ಹಿಡಿದು ಬಾಗಿ ನಿಂತ.

"ಟೀನಾ ಸರ್, ಕಾಫಿನಾ?"

"ಯಾವುದಾದ್ರೂ ತಗೊಂಡ್ ಬಾ ಮಾರಾಯ. ಬಿಸಿ ಇದ್ರೆ ಸಾಕು."

ಅವನು ನನ್ನ ಕಡೆ ನೋಡಿದ. ನಾನು ಹುಲ್ಲಿನ ಕಡೆ ಮುಖ ತಿರುಗಿಸಿದೆ. ಅವನು ತನಗೆ ತೋಚಿದ್ದನ್ನು ಬರೆದುಕೊಂಡು ಹೋದ. ಮೂರು ಅಂತಸ್ತಿನ ತಟ್ಟೆ ಬಂತು, ಟೊಪ್ಪಿಗೆ ತೊಟ್ಟ ಕೆಟಲು ಬಂತು. ಅವರು ಹಾಲು ಹಾಕಿದರು, ಟೊಪ್ಪಿಗೆ ತೆಗೆದರು, ಎರಡು ಬಟ್ಟಲಿಗೂ ಹೊಯ್ದರು, ಸಕ್ಕರೆ ಕಲಕಿದರು. ಅಷ್ಟು ವರ್ಷದ ಅಭ್ಯಾಸದ ಕೈ, ಎಲ್ಲಿಯೂ ತಡವರಿಸಲಿಲ್ಲ. ಬಟ್ಟಲನ್ನು ತುಟಿಯ ಬಳಿಗೆ ಒಯ್ದವರು ಅಲ್ಲಿಯೇ ತಡೆದು, ನನ್ನ ಮುಖ ನೋಡಿ, ಪಕ್ಕದ ಮೇಜಿನವರಿಗೆ ಕೇಳಿಸದ ಹಾಗೆ ಕೇಳಿದರು:

"ಯಾವುದು ಬಂತು?"

"ಟೀ" ಎಂದೆ.

"ಹೂಂ" ಎಂದು ಅವರು ಕುಡಿದರು.